ಪಾಠ ಒಪ್ಪಿಸೋದು ಬೇರೆ, ತನ್ನನ್ನೇ ಒಪ್ಪಿಸಿಕೊಡೋದು ಬೇರೆ: ನಡೆ ನುಡಿಯಲ್ಲಿ ಸಮರ್ಪಿತ ಜೀವನಕ್ಕೆ ಕೆಲವು ಸ್ಟೆಪ್‌ಗಳು

ಮೊದಲೇ ಹೇಳಿಬಿಡ್ತೀನಿ, ನಾನು ಪಾಸ್ಟರ್ ಅಲ್ಲ, ಬೈಬಲ್ ಕಾಲೇಜ್ ಮೆಟ್ಟಿಲು ಹತ್ತಿದವನೂ ಅಲ್ಲ, ತುಮಕೂರು ಕಡೆ ಒಂದು ಟೈಲ್ಸ್ ಸ್ಯಾನಿಟರಿ ಅಂಗಡಿ ಇಟ್ಕೊಂಡು ಭಾನುವಾರ ಚರ್ಚ್‌ಗೆ ಹೋಗೋ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಒಬ್ಬ ಮೆಂಬರ್ ಅಷ್ಟೇ. ಇಲ್ಲಿ ಬರೆದಿರೋದು ನಾನು ಬಿದ್ದು ಎದ್ದು ಕಲಿತಿದ್ದು, ಇನ್ನೂ ಕಲೀತಾ ಇರೋದು.

ನಮ್ಮ ಸಭೆಯಲ್ಲಿ ಹೊಸ ವರ್ಷದ ಮೊದಲನೇ ಭಾನುವಾರ ಒಡಂಬಡಿಕೆಯ ಆರಾಧನೆ ನಡೆಯುತ್ತೆ. ಇದು ಮೆಥಡಿಸ್ಟರ ಕಡೆಯಿಂದ ಬಂದ ಪದ್ಧತಿ, ಅವರ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ಲಂಡನ್‌ನಲ್ಲಿ ಶುರು ಮಾಡಿದ್ದು, ನಮ್ಮ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್‌ನವರು ಇದ್ರಲ್ಲ, ಅವರ ಸಭೆಗಳೆಲ್ಲ 1947ರಲ್ಲಿ ಸಿಎಸ್‌ಐಗೆ ಸೇರಿದ ಮೇಲೂ ಈ ಆರಾಧನೆ ಉಳ್ಕೊಂಡು ಬಂದಿದೆ. ಅದರಲ್ಲಿ ಎಲ್ಲರೂ ಒಟ್ಟಿಗೆ ಓದೋ ಒಂದು ಪ್ರಾರ್ಥನೆ ಇದೆ. ನಾನಿನ್ನು ನನ್ನವನಲ್ಲ ನಿನ್ನವನು, ಕೆಲಸಕ್ಕೆ ಹಚ್ಚಿದ್ರೂ ಸರಿ ಪಕ್ಕಕ್ಕಿಟ್ರೂ ಸರಿ, ತುಂಬಿಸಿದ್ರೂ ಸರಿ ಬರಿದು ಮಾಡಿದ್ರೂ ಸರಿ ಅನ್ನೋ ಅರ್ಥದ್ದು. ನನ್ನ ಗಂಟಲು ಸ್ವಲ್ಪ ದೊಡ್ಡದು, ಆ ಭಾನುವಾರ ಎಲ್ಲರಿಗಿಂತ ಜೋರಾಗಿ ಓದಿದ್ದು ನಾನೇ ಇರ್ಬೇಕು. ಮಂಗಳವಾರ ಅಂಗಡಿಯಲ್ಲಿ ನಡೆದಿದ್ದು ಏನು ಅಂತ ಮುಂದೆ ಹೇಳ್ತೀನಿ.

ಕನ್ನಡದಲ್ಲಿ ಒಪ್ಪಿಸೋದು ಅನ್ನೋ ಮಾತಿಗೆ ಎರಡು ಅರ್ಥ ಇದೆ ನೋಡಿ. ಸಂಡೇ ಸ್ಕೂಲ್‌ನಲ್ಲಿ ಬಾಯಿಪಾಠ ವಚನ ಒಪ್ಪಿಸ್ತಾರೆ, ಅದು ಒಂದು. ಕೆಲಸ ಬಿಟ್ಟು ಹೋಗೋವಾಗ ಬೀಗದ ಕೈ, ಲೆಕ್ಕದ ಬುಕ್ಕು, ಗಲ್ಲಾಪೆಟ್ಟಿಗೆ ಎಲ್ಲಾ ಒಪ್ಪಿಸಿ ಹೋಗ್ತಾರೆ, ಅದು ಇನ್ನೊಂದು. ನಾವು ಬಹಳ ಜನ ಕ್ರೈಸ್ತರು ಮೊದಲನೇದ್ರಲ್ಲಿ ಫಸ್ಟ್ ಕ್ಲಾಸ್, ಎರಡನೇದಕ್ಕೆ ಬಂದಾಗ ಕೀ ಮಾತ್ರ ಜೇಬಲ್ಲೇ ಇಟ್ಕೊಂಡಿರ್ತೀವಿ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲ ನಿಮ್ಮ ದೇಹವನ್ನ ಸಜೀವಯಜ್ಞವಾಗಿ ಕೊಡಿ ಅಂತಾನೆ, ಮನಸ್ಸನ್ನ ಕೊಡಿ ಭಾವನೆ ಕೊಡಿ ಅಂತ ಅಲ್ಲ, ದೇಹ. ದೇಹ ಅಂದ್ರೆ ಬಾಯಿ, ಕೈ, ವಾಟ್ಸಾಪ್ ಒತ್ತೋ ಹೆಬ್ಬೆರಳು, ಕ್ಯಾಶ್ ಎಣಿಸೋ ಬೆರಳು, ಎಲ್ಲಾ ಸೇರಿ. ಅಲ್ಲಿಂದ ಶುರು ಮಾಡೋಣ.

1. ಬೆಳಿಗ್ಗೆ ಎರಡು ನಿಮಿಷ, ಹೆಸರು ಹಿಡಿದು ಒಪ್ಪಿಸಿ

ಫೋನ್ ಮುಟ್ಟೋಕೆ ಮುಂಚೆ. "ಸ್ವಾಮಿ ನನ್ನ ಸಕಲವೂ ನಿನ್ನದೇ" ಅಂತ ಹೋಲ್‌ಸೇಲ್ ಆಗಿ ಪ್ರಾರ್ಥನೆ ಮಾಡಿದ್ರೆ ಏನೂ ಆಗಲ್ಲ, ನಾನು ಹದಿನೈದು ವರ್ಷ ಹಂಗೇ ಮಾಡಿದೀನಿ. ಅವತ್ತಿನ ದಿನದಲ್ಲಿ ಬಾಯಿ ಜಾರೋ ಜಾಗ ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತೆ ಅಲ್ವಾ, ಅದನ್ನ ಹೇಳಿ. "ಯೇಸಪ್ಪ, ಹನ್ನೊಂದು ಗಂಟೆಗೆ ಬಾಕಿ ವಸೂಲಿಗೆ ಹೋಗ್ತಿದೀನಿ, ಆ ಮನುಷ್ಯ ಮೂರನೇ ಸಲ ಸುಳ್ಳು ಹೇಳ್ತಾನೆ, ಆಗ ನನ್ನ ಬಾಯಿ ನಿನ್ನ ಕೈಲಿರ್ಲಿ." ಅಷ್ಟೇ. ಕೀರ್ತನೆ 141ರ 3ನೇ ವಚನದಲ್ಲಿ ನನ್ನ ಬಾಯಿಗೆ ಕಾವಲಿಡು, ತುಟಿಗಳ ಬಾಗಿಲು ಕಾಯಿ ಅಂತ ಕೇಳ್ಕೊಳ್ಳೋದಿದೆ. ಕಾವಲುಗಾರನಿಗೆ ಕಳ್ಳ ಎಷ್ಟು ಗಂಟೆಗೆ ಯಾವ ಕಡೆಯಿಂದ ಬರ್ತಾನೆ ಅಂತ ಹೇಳಿಟ್ರೆ ಒಳ್ಳೇದಲ್ವಾ.

2. ಒಂದು ವಾರ ಏನೂ ಬದಲಾಯಿಸೋಕೆ ಹೋಗ್ಬೇಡಿ, ಸುಮ್ನೆ ನಿಮ್ಮ ಮಾತನ್ನ ಕೇಳಿಸ್ಕೊಳ್ಳಿ

ಇದು ಬಹಳ ಜನಕ್ಕೆ ವಿಚಿತ್ರ ಅನಿಸುತ್ತೆ. ಉಪದೇಶ ಕೇಳಿದ ತಕ್ಷಣ ನಾಳೆಯಿಂದ ಕೋಪ ಬಿಡ್ತೀನಿ ಅಂತ ತೀರ್ಮಾನ ಮಾಡ್ತೀವಿ, ಬುಧವಾರದ ಹೊತ್ತಿಗೆ ಮುಗಿದಿರುತ್ತೆ. ಅದರ ಬದಲು ಒಂದು ಸಣ್ಣ ಪಾಕೆಟ್ ಡೈರಿ ತಗೊಳ್ಳಿ, ಫೋನ್ ಬೇಡ, ಫೋನ್ ತೆಗೆದ್ರೆ ಬರೆಯೋಕೆ ಹೋಗಿ ಇನ್ನೇನೋ ನೋಡ್ತಾ ಕೂರ್ತೀವಿ. ಆಡಬಾರದ ಮಾತು ಆಡಿದಾಗೆಲ್ಲ ಟೈಮ್, ಯಾರ ಹತ್ರ, ಏನು ಮಾತು, ಇಷ್ಟು ಬರ್ಕೊಳ್ಳಿ.

ನಾನು ನನ್ನ ಕಾಯಿಲೆ ಕೋಪ ಅಂದ್ಕೊಂಡಿದ್ದೆ. ವಾರ ಆದ್ಮೇಲೆ ನೋಡಿದ್ರೆ ಕೋಪ ಎರಡೋ ಮೂರೋ ಸಲ, ಉಳಿದಿದ್ದೆಲ್ಲಾ ಕೊಂಕು. "ಓ ಬಂದ್ರಾ ದೊರೆಗಳು", "ನಿಮ್ಮಂಥೋರಿಗೆ ಈ ಟೈಲ್ಸ್ ಯಾಕ್ ಸಾರ್, ಅದು ಕಾಸ್ಟ್ಲಿ", "ಹೂಂ, ನಿಮ್ಮ ಅಣ್ಣ ಕೊಟ್ಟುಬಿಟ್ರು ಲಕ್ಷ ಲಕ್ಷ" ಈ ಥರದ್ದು. ಬೈಗುಳ ಒಂದೂ ಇಲ್ಲ, ಕೇಳಿದವರು ನಗ್ತಾರೆ ಕೂಡ, ಆದ್ರೆ ಚುಚ್ಚಿರುತ್ತೆ. ಎಲ್ಲಾ ಹೆಚ್ಚುಕಮ್ಮಿ ಎರಡು ಹೊತ್ತಲ್ಲಿ, ಮಧ್ಯಾಹ್ನ ಊಟಕ್ಕೆ ಮುಂಚೆ, ರಾತ್ರಿ ಶಟರ್ ಎಳೆಯೋಕೆ ಮುಂಚೆ. ಹಸಿವಿಗೂ ಆತ್ಮಿಕತೆಗೂ ಇಷ್ಟು ಹತ್ತಿರದ ನೆಂಟಸ್ತನ ಇದೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ, ಈಗ ಹನ್ನೆರಡೂವರೆಗೆ ಎರಡು ಬಾಳೆಹಣ್ಣು ತಿಂತೀನಿ, ನಗಬೇಡಿ, ಕೆಲಸ ಮಾಡುತ್ತೆ.

ಯಾಕೋಬನ ಪತ್ರದ 3ನೇ ಅಧ್ಯಾಯ ಆ ವಾರ ದಿನಾ ಓದಿ, ಬರೀ 12 ವಚನ ಸಾಕು. ಕುದುರೆ ಬಾಯಿಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡು ಸುಡೋ ಕಿಡಿ. ಆಮೇಲೆ ಅದೇ ನಾಲಿಗೆಯಿಂದ ದೇವರನ್ನ ಕೊಂಡಾಡ್ತೀವಿ, ಅದೇ ನಾಲಿಗೆಯಿಂದ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯನನ್ನ ಶಪಿಸ್ತೀವಿ ಅಂತಾನೆ. ಯೆಶಾಯನ ಕಥೆನೂ ನೆನಪಿಸ್ಕೊಳ್ಳಿ, 6ನೇ ಅಧ್ಯಾಯ, ದೇವಾಲಯದಲ್ಲಿ ಕರ್ತನ ಮಹಿಮೆ ಕಂಡ ಆ ಪ್ರವಾದಿಗೆ ಮೊದಲು ನೆನಪಾಗಿದ್ದು ತನ್ನ ತುಟಿ ಹೊಲಸು ಅನ್ನೋದು, ದೇವದೂತ ಯಜ್ಞವೇದಿಯ ಕೆಂಡ ತಂದು ಮುಟ್ಟಿಸಿದ್ದೂ ಅದೇ ತುಟಿಗೆ.

3. ಒಂದೇ ಒಂದನ್ನ ಆರಿಸ್ಕೊಳ್ಳಿ

ಡೈರಿ ನೋಡಿ ಯಾವುದು ಜಾಸ್ತಿ ಇದೆಯೋ ಅದೊಂದೇ. ಎಲ್ಲವನ್ನೂ ಒಟ್ಟಿಗೆ ಬಿಡೋಕೆ ಹೋದ್ರೆ ಯಾವುದನ್ನೂ ಬಿಡಲ್ಲ. ಚಾಡಿ ಇರಬಹುದು, ಬಡಾಯಿ ಇರಬಹುದು, ಮಾತು ಕೊಟ್ಟು ತಪ್ಪೋದು ಇರಬಹುದು. ಒಂದು ತಿಂಗಳು ಅದೊಂದೇ.

4. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ

ಮತ್ತಾಯ 5:37 ನಮಗೆಲ್ಲ ಬಾಯಿಪಾಠ. ಆದ್ರೆ ವಿಶ್ವಾಸಿಗಳಾದ ನಾವು ಸುಳ್ಳಿಗೂ ಒಂದು ಭಕ್ತಿಯ ಅಂಗಿ ತೊಡಿಸಿಬಿಟ್ಟಿದೀವಿ. ಪ್ರಾರ್ಥನಾ ಕೂಟಕ್ಕೆ ಬನ್ನಿ ಬ್ರದರ್ ಅಂದ್ರೆ "ಕರ್ತನ ಚಿತ್ತ ಇದ್ರೆ ಬರ್ತೀನಿ" ಅಂತೀವಿ, ಕೇಳಿದವರಿಗೂ ಗೊತ್ತು ಇವನು ಬರಲ್ಲ ಅಂತ. ಯಾಕೋಬ 4:15ರಲ್ಲಿ ಕರ್ತನ ಚಿತ್ತವಾದರೆ ಅನ್ನಿ ಅಂತ ಹೇಳಿರೋದು ನಾಳೆ ನಮ್ಮ ಕೈಲಿಲ್ಲ ಅಂತ ತಗ್ಗಿ ನಡೀಲಿ ಅಂತ, ನಮ್ಮ ಸೋಮಾರಿತನವನ್ನ ದೇವರ ತಲೆಗೆ ಕಟ್ಟಲಿ ಅಂತಲ್ಲ. ಬರೋಕೆ ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಇದಕ್ಕಿಂತ ಡೇಂಜರ್ "ದೇವರು ನನಗೆ ಹೇಳಿದ್ರು" ಅನ್ನೋದು. ಸಂಬಂಧ ಬೇಡ ಅನ್ನೋಕೆ, ಕಮಿಟಿಯಲ್ಲಿ ತಮ್ಮ ಮಾತೇ ನಡೀಬೇಕು ಅನ್ನೋಕೆ ಇದನ್ನ ಬಳಸೋರನ್ನ ನೀವೂ ನೋಡಿರ್ತೀರ. ದೇವರ ಹೆಸರನ್ನ ಅಯೋಗ್ಯವಾಗಿ ಎತ್ತಬೇಡ ಅನ್ನೋ ಆಜ್ಞೆ ಮುರಿಯೋದು ಬೈಯೋವಾಗ ಮಾತ್ರ ಅಂತ ಅಂದ್ಕೋಬೇಡಿ, ಹೆಚ್ಚಾಗಿ ಮುರಿಯೋದು ಇಲ್ಲೇ ಅಂತ ನನ್ನ ಅನಿಸಿಕೆ.

ಇನ್ನು ವ್ಯಾಪಾರದ ಸುಳ್ಳು. ಟೈಲ್ಸ್ ಲೋಡ್ ಗುಜರಾತಿನ ಮೋರ್ಬಿಯಿಂದ ಬರಬೇಕು, ದಿನಗಟ್ಟಲೆ ಲಾರಿ ದಾರಿ. ಲೋಡ್ ಇನ್ನೂ ಅಲ್ಲಿಂದ ಹೊರಟೇ ಇಲ್ಲ ಅಂತ ಗೊತ್ತಿರುತ್ತೆ, ಮೇಸ್ತ್ರಿ ಫೋನ್ ಮಾಡಿದ್ರೆ "ಹುಬ್ಬಳ್ಳಿ ದಾಟಿದೆ ಮೇಸ್ತ್ರಿ, ನಾಳೆ ಬೆಳಿಗ್ಗೆ ಅನ್‌ಲೋಡ್" ಅಂತ ಬಾಯಿ ತಾನಾಗೇ ಹೇಳಿಬಿಡುತ್ತೆ. ಅವನು ಆ ಮಾತು ನಂಬ್ಕೊಂಡು ನಾಲ್ಕು ಜನ ಆಳುಗಳಿಗೆ ಬನ್ನಿ ಅಂದಿರ್ತಾನೆ, ಅವರ ಒಂದು ದಿನದ ಕೂಲಿ ಹೋಯ್ತು. ಈ ಸುಳ್ಳಿಗೆ ಪಾಪ ಅನ್ನೋ ಹೆಸರೇ ಇಲ್ಲ ನಮ್ಮ ಲೈನಲ್ಲಿ, ವ್ಯವಹಾರ ಅಂತಾರೆ. ಬ್ಯಾಚ್ ವಿಷಯನೂ ಹಂಗೇ, ಬ್ಯಾಚ್ ನಂಬರ್ ಬದಲಾದ್ರೆ ಶೇಡ್ ಸ್ವಲ್ಪ ಬದಲಾಗುತ್ತೆ, ಹಾಲ್‌ಗೆ ಹಾಕಿ ಲೈಟ್ ಬಿದ್ದಾಗಲೇ ಗೊತ್ತಾಗೋದು, ಬಾಕ್ಸ್ ಮೇಲಿನ ನಂಬರ್ ತೋರಿಸಿ "ಇದು ಬೇರೆ ಬ್ಯಾಚ್ ಸಾರ್, ರೂಮ್‌ಗೆ ಬೇಕಾದ್ರೆ ಹಾಕ್ಕೊಳ್ಳಿ, ಹಾಲ್‌ಗೆ ಬೇಡ" ಅಂತ ಹೇಳೋಕೆ ಹತ್ತು ಸೆಕೆಂಡ್ ಸಾಕು. ಹೇಳಿದ್ರೆ ಒಂದೊಂದು ಸಲ ಮಾಲು ಉಳಿದುಬಿಡುತ್ತೆ. ಉಳಿದಿದೆ, ಗೋಡೌನ್‌ನಲ್ಲಿದೆ.

ಬಿಲ್ ವಿಷಯ ಬರೀಲೋ ಬೇಡ್ವೋ ಅಂತ ಯೋಚನೆ ಮಾಡಿದೆ. ಟೈಲ್ಸ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡಿ ಅಂತ ಕಸ್ಟಮರೇ ಕೇಳ್ತಾರೆ, ಅದರಲ್ಲಿ ಸಭೆಯವರೂ ಇದಾರೆ, "ನಮ್ಮೋರೇ ಅಲ್ವಾ ಬ್ರದರ್" ಅಂತಾರೆ. ಇಲ್ಲ ಅಂದಿದ್ದಕ್ಕೆ ಎರಡು ಮನೆಯವರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ. ಸಮರ್ಪಣೆಗೆ ಇಂತಿಷ್ಟು ಅಂತ ರೇಟ್ ಇಲ್ಲ ನಿಜ, ಆದ್ರೆ ನನ್ನ ಮಟ್ಟಿಗೆ ಅದು ಕೆಲವು ತಿಂಗಳು 18 ಪರ್ಸೆಂಟ್ ಆಗಿತ್ತು.

ನನ್ನ ಕಸುಬಿಗೆ ಹತ್ತಿರದ ಒಂದು ಕಥೆ ಇದೆ, ಹೇಳದೇ ಇರೋಕಾಗಲ್ಲ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ್ರಲ್ಲ, ಆಗ ಕ್ರೈಸ್ತರಾದ ಜನರಲ್ಲಿ ಎಷ್ಟೋ ಮಂದಿ ಮನೆ, ಜಾತಿಕಸುಬು, ಗೇಣಿ ಭೂಮಿ ಎಲ್ಲಾ ಕಳ್ಕೊಂಡ್ರು, ಅವರಿಗೆ ಹೊಟ್ಟೆಪಾಡಿಗೆ ಏನಾದ್ರೂ ಬೇಕಿತ್ತು, ನೇಯ್ಗೆ ಶುರುವಾಯ್ತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅನ್ನೋರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ರು. ಮಂಗಳೂರು ಹೆಂಚು ಅಂತ ಊರೂರಿಗೂ ಹೋಗಿದ್ದು ಅದೇ. ಹಳೇ ಮನೆ ಕೆಡವೋವಾಗ ಈಗಲೂ ಸಿಗುತ್ತೆ, ಹೆಂಚಿನ ಮೇಲೆ ಮಿಷನ್ ಹೆಸರು ಒತ್ತಿರುತ್ತೆ. ಮಳೆಗಾಲದಲ್ಲಿ ಸೋರಿದ್ರೆ ಮನೆಯವರು ತಲೆ ಎತ್ತಿ ನೋಡಿದಾಗ ಕಾಣೋದು ಆ ಹೆಸರೇ ಅಲ್ವಾ. ನನ್ನ ಅಂಗಡಿ ಬೋರ್ಡ್ ಮೇಲೂ ಮೂಲೆಯಲ್ಲಿ ಒಂದು ಶಿಲುಬೆ ಬರೆಸಿದೀನಿ, ಅದನ್ನ ನೋಡಿದಾಗೆಲ್ಲಾ ಆ ಹೆಂಚು ನೆನಪಿಗೆ ಬರುತ್ತೆ.

5. ಸಾರಿ ಕೇಳೋದು: ಎಲ್ಲಿ ಒಡೀತೋ ಅಲ್ಲೇ, ಲೆಕ್ಕ ಸಮೇತ

ಈಗ ಆ ಮಂಗಳವಾರಕ್ಕೆ ಬರ್ತೀನಿ. ಎರಡಡಿಗೆ ಎರಡಡಿ ವಿಟ್ರಿಫೈಡ್ ಟೈಲ್ಸ್ ಒಂದು ಬಾಕ್ಸ್‌ನಲ್ಲಿ ನಾಲ್ಕು ಇರ್ತವೆ, ಇಪ್ಪತ್ತೇಳು ಇಪ್ಪತ್ತೆಂಟು ಕೆಜಿ ತೂಕ. ಅಂಗಡಿ ಹುಡುಗ ಎರಡು ಬಾಕ್ಸ್ ಒಟ್ಟಿಗೆ ಹೆಗಲ ಮೇಲೆ ಹೊತ್ಕೊಂಡು ಬರ್ತಿದ್ದ, ಹಂಗೆ ಹೊರು ಅಂತ ಅಭ್ಯಾಸ ಮಾಡಿಸಿದ್ದೂ ನಾನೇ, ಮೆಟ್ಟಿಲ ಹತ್ರ ಕಾಲು ಜಾರಿ ಎರಡೂ ಕೆಳಗೆ. ಒಬ್ಬ ಮೇಸ್ತ್ರಿ, ಮನೆ ಕಟ್ಟಿಸ್ತಿರೋ ಗಂಡ ಹೆಂಡ್ತಿ, ಮೂರು ಜನ ಕಸ್ಟಮರ್ ಎದುರಿಗೇ ಇದ್ರು. ನಾನು ಆ ಹುಡುಗನ ಕಾಲಿಗೆ ಏಟಾಯ್ತಾ ಅಂತ ಕೇಳಲಿಲ್ಲ. ಅವರಪ್ಪ ಕುಡೀತಾನೆ ಅನ್ನೋದು ನನಗೆ ಗೊತ್ತಿತ್ತು, ಯಾವುದೋ ಒಂದು ದಿನ ನಂಬಿಕೆ ಇಟ್ಟು ಅವನೇ ಹೇಳಿದ್ದು, ಅದನ್ನ ಎಳೆದು ತಂದು ಎಲ್ಲರೆದುರು ಒಂದು ಮಾತು ಅಂದೆ. ಏನಂದೆ ಅಂತ ಇಲ್ಲಿ ಬರೆಯಲ್ಲ. ಅವನು ಏನೂ ಮಾತಾಡಲಿಲ್ಲ, ಕೂತ್ಕೊಂಡು ಚೂರುಗಳನ್ನ ಗೋಣಿಚೀಲಕ್ಕೆ ತುಂಬ್ತಾ ಇದ್ದ, ದೊಡ್ಡ ಚೂರು ಒಂದು ಕಡೆ, ಸಣ್ಣದು ಒಂದು ಕಡೆ, ಅದನ್ನ ಬೇರೆ ಮಾಡೋ ಅಗತ್ಯನೇ ಇರ್ಲಿಲ್ಲ. ತಿಂಗಳ ಕೊನೆಗೆ ಸಂಬಳದಲ್ಲಿ 1,400 ರೂಪಾಯಿ ಹಿಡ್ಕೊಂಡೆ.

ಮುಂದಿನ ಭಾನುವಾರ ಕರ್ತನ ಭೋಜನ. ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸರಿ ಮಾಡ್ಕೋ ಅಂತ ಮತ್ತಾಯ 5:23, 24ರಲ್ಲಿದೆ. ಎದ್ದು ಹೋಗ್ಲಿಲ್ಲ ಬಿಡಿ, ಅಷ್ಟು ಧೈರ್ಯ ಇಲ್ಲ, ಆದ್ರೆ ಅವತ್ತು ರೊಟ್ಟಿ ತಗೊಳ್ಳಲಿಲ್ಲ, ಪಕ್ಕದಲ್ಲಿದ್ದ ಹೆಂಡ್ತಿ ಯಾಕ್ರೀ ಅಂತ ಕಣ್ಣಲ್ಲೇ ಕೇಳಿದ್ಲು. ಸೋಮವಾರ ಹುಡುಗನನ್ನ ಗೋಡೌನ್‌ಗೆ ಕರೆದು ಬೇಜಾರಾಗಿದ್ರೆ ಸಾರಿ ಕಣಪ್ಪ ಅಂದೆ, "ಬಿಡಣ್ಣ" ಅಂದ. ಸಂಬಳದಲ್ಲಿ ಹಿಡ್ಕೊಂಡಿದ್ದು ಇದಾದ್ಮೇಲೆ, ನೋಡಿ ನನ್ನ ಪಶ್ಚಾತ್ತಾಪ ಎಂಥದ್ದು ಅಂತ. ಎರಡು ತಿಂಗಳು ಹಂಗೇ ನಡೀತು, ಅವನು ನನ್ನ ಹತ್ರ ಮಾತಾಡೋದು ಬೇಕು ಬೇಡಕ್ಕೆ ಮಾತ್ರ ಆಯ್ತು, ನನಗೆ ನಿದ್ದೆ ಸರಿ ಬರ್ತಿರ್ಲಿಲ್ಲ.

ಆ ಸಾರಿಯಲ್ಲಿ ಮೂರು ಮೋಸ ಇತ್ತು. ಬೇಜಾರಾಗಿದ್ರೆ ಅನ್ನೋ "ರೆ" ಇದೆಯಲ್ಲ, ಅದು ತಪ್ಪನ್ನ ಅವನ ಮನಸ್ಸಿನ ಮೇಲೆ ಹಾಕೋ ಮಾತು. ಎರಡನೇದು, ಅವಮಾನ ಮಾಡಿದ್ದು ಅಂಗಡಿ ಮುಂದೆ ಮೂರು ಜನರೆದುರು, ಕ್ಷಮೆ ಕೇಳಿದ್ದು ಗೋಡೌನ್ ಕತ್ತಲಲ್ಲಿ. ಮೂರನೇದು ದುಡ್ಡು. ಬೈಬಲ್‌ನ ಅರಣ್ಯಕಾಂಡ ಪುಸ್ತಕದ 5ನೇ ಅಧ್ಯಾಯದಲ್ಲಿ ಒಬ್ಬನಿಗೆ ನಷ್ಟ ಮಾಡಿದವನು ತಪ್ಪು ಒಪ್ಕೊಂಡು, ಪೂರ್ತಿ ವಾಪಸ್ ಕೊಟ್ಟು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಅಂತಿದೆ. ಸುಂಕದವರ ಮುಖ್ಯಸ್ಥ ಜಕ್ಕಾಯ, ಯಾರಿಂದಾದ್ರೂ ಅನ್ಯಾಯವಾಗಿ ಕಿತ್ಕೊಂಡಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ, ಲೂಕ 19. ಅದನ್ನ ಕೇಳಿದ ಮೇಲೇನೇ ಈ ಹೊತ್ತು ಈ ಮನೆಗೆ ರಕ್ಷಣೆ ಬಂತು ಅಂತ ಯೇಸಪ್ಪ ಹೇಳಿದ್ದು.

ಕೊನೆಗೂ ಹೆಂಗೆ ಮಾಡಿದೆ ಅಂತ ಹೇಳ್ತೀನಿ, ನಿಮಗೆ ಬೇಕಾದ್ರೆ ಹಂಗೇ ಮಾಡಿ. ಅದೇ ಮೇಸ್ತ್ರಿ ಅಂಗಡಿಗೆ ಬಂದಿದ್ದ ದಿನ ಹುಡುಗನನ್ನ ಮುಂದೆ ಕರೆದೆ. "ಅವತ್ತು ನಿಮ್ಮೆದುರಿಗೆ ಇವನಿಗೆ ಅವರಪ್ಪನ ವಿಷಯ ತೆಗೆದು ಅಂದೆ, ಅದು ತಪ್ಪು. ಎರಡು ಬಾಕ್ಸ್ ಒಟ್ಟಿಗೆ ಹೊರಿಸಿದ್ದು ನಾನು. ಕ್ಷಮಿಸು." ಇಷ್ಟೇ. ಯಾಕೆ ಅಂದೆ, ಆ ದಿನ ಟೆನ್ಷನ್ ಇತ್ತು, ಅದೆಲ್ಲಾ ಸೇರಿಸ್ಬೇಡಿ, ಸೇರಿಸಿದ್ರೆ ಅದು ಕ್ಷಮೆ ಕೇಳೋದಲ್ಲ ವಕಾಲತ್ತು. ಆಮೇಲೆ 1,400ಕ್ಕೆ ಐದನೇ ಒಂದು ಪಾಲು 280 ಸೇರಿಸಿ 1,680 ಕವರ್‌ನಲ್ಲಿ ಹಾಕಿ ಕೊಟ್ಟೆ. ಆ ಗಂಡ ಹೆಂಡ್ತಿಗೂ ಫೋನ್ ಮಾಡಿದೆ, ಅವರಿಗೆ ಆ ಘಟನೆನೇ ನೆನಪಿರ್ಲಿಲ್ಲ, ಮುಜುಗರ ಆಯ್ತು, ಆಗ್ಲಿ. ಹುಡುಗ ಎಣಿಸಿ ನೋಡಿ "ಇದೇನಣ್ಣ, ಜಾಸ್ತಿ ಇದೆ" ಅಂತ ವಾಪಸ್ ತಂದ. ಅವನಿಗೆ ಅರಣ್ಯಕಾಂಡ ಎಲ್ಲಾ ಹೇಳೋಕೆ ಹೋಗ್ಲಿಲ್ಲ, ನಮ್ಮ ಪುಸ್ತಕದಲ್ಲಿ ಲೆಕ್ಕ ಹಂಗಿದೆ ಇಟ್ಕೋ ಅಂದೆ. ಈಗ ಅಂಗಡಿಯಲ್ಲಿ ಒಂದು ಸಲಕ್ಕೆ ಒಂದೇ ಬಾಕ್ಸ್, ಟ್ರಾಲಿ ತಂದಿದೀನಿ.

ಪೇತ್ರನ ಕಥೆಯಲ್ಲಿ ಒಂದು ಸೂಕ್ಷ್ಮ ಇದೆ, ಯೋಹಾನನ ಸುವಾರ್ತೆಯಲ್ಲಿ ಅವನು ಯೇಸುವನ್ನ ನಾನರಿಯೆ ಅಂದಿದ್ದು ಮಹಾಯಾಜಕನ ಅಂಗಳದಲ್ಲಿ ಇದ್ದಿಲು ಬೆಂಕಿ ಕಾಯಿಸ್ಕೊಳ್ತಾ, 18ನೇ ಅಧ್ಯಾಯ. 21ನೇ ಅಧ್ಯಾಯದಲ್ಲಿ ಯೇಸು ಅವನನ್ನ ಮೂರು ಸಲ ಪ್ರೀತಿಸ್ತೀಯಾ ಅಂತ ಕೇಳಿ ಮತ್ತೆ ಕೆಲಸಕ್ಕೆ ಹಚ್ಚಿದ್ದೂ ಕೆರೆ ದಂಡೆಯಲ್ಲಿ ಇದ್ದಿಲು ಬೆಂಕಿ ಹತ್ರಾನೇ, ಬೇರೆ ಶಿಷ್ಯರೂ ಇದ್ದಾಗ.

6. ಪ್ರಾರ್ಥನೆ ಹೆಸರಲ್ಲಿ ಚಾಡಿ, ವಾಟ್ಸಾಪ್ ಹೆಸರಲ್ಲಿ ಸುಳ್ಳುಸಾಕ್ಷಿ

"ಸಿಸ್ಟರ್, ಪ್ರಾರ್ಥನೆ ಮಾಡಿ, ಅವರ ಮಗಳ ವಿಷಯ ನಿಮಗೆ ಗೊತ್ತಾಯ್ತಾ?" ಅಲ್ಲಿಂದ ಇಪ್ಪತ್ತು ನಿಮಿಷ ವಿಷಯ, ಅರ್ಧ ನಿಮಿಷ ಪ್ರಾರ್ಥನೆ. ಇದು ಗಂಡಸರಲ್ಲಿ ಇಲ್ಲ ಅಂತಲ್ಲ, ನಾವು ಆರಾಧನೆ ಮುಗಿದ್ಮೇಲೆ ಬೈಕ್ ಸ್ಟ್ಯಾಂಡ್ ಹತ್ರ ಮಾಡ್ತೀವಿ. ನಾನು ಇಟ್ಕೊಂಡಿರೋ ನಿಯಮ ಸಿಂಪಲ್, ಆ ವ್ಯಕ್ತಿ ಹೇಳು ಅಂತ ಹೇಳಿದ್ರೆ ಮಾತ್ರ ಹೆಸರು ತೆಗೀಬೇಕು, ಇಲ್ಲಾಂದ್ರೆ "ಒಂದು ಕುಟುಂಬಕ್ಕೋಸ್ಕರ ಪ್ರಾರ್ಥನೆ ಮಾಡಿ" ಅಂದ್ರೆ ಸಾಕು. ದೇವರಿಗೆ ಹೆಸರು ಗೊತ್ತು, ಮನೆ ನಂಬರೂ ಗೊತ್ತು. ಯಾರದ್ದಾದ್ರೂ ತಪ್ಪು ಕಂಡ್ರೆ ಮೊದಲು ಅವರ ಹತ್ರ ಒಬ್ಬರೇ ಹೋಗಿ ಹೇಳಿ ಅಂತ ಮತ್ತಾಯ 18:15, ನಾವು ಅದನ್ನ ಉಲ್ಟಾ ಮಾಡ್ತೀವಿ, ಮೊದಲು ಎಲ್ಲರಿಗೂ, ಕೊನೆಗೆ ಅವರಿಗೆ.

ವಾಟ್ಸಾಪ್ ಫಾರ್ವರ್ಡ್‌ಗಳು. ಎಲ್ಲೋ ಯಾವುದೋ ದೇಶದ ಹಳೇ ಫೋಟೋಗೆ ನಿನ್ನೆ ನಮ್ಮ ಸಭೆ ಮೇಲೆ ಹಲ್ಲೆ ಅಂತ ಬರೆದಿರ್ತಾರೆ, ಹತ್ತು ಜನಕ್ಕೆ ಕಳಿಸಿದ್ರೆ ಆಶೀರ್ವಾದ ಅಂತಿರುತ್ತೆ. ಕಷ್ಟ ಅನುಭವಿಸ್ತಿರೋ ಸಭೆಗಳು ನಿಜವಾಗ್ಲೂ ಇವೆ, ಅದಕ್ಕೇ ಸುಳ್ಳು ಹರಡಬಾರದು, ನಿಜ ಹೇಳಿದಾಗ ಯಾರೂ ನಂಬಲ್ಲ. ಸುಳ್ಳುಸಾಕ್ಷಿ ಹೇಳಬೇಡ ಅನ್ನೋದು ನಮ್ಮ ಲೆಕ್ಕದಲ್ಲಿ 9ನೇ ಆಜ್ಞೆ, ಕ್ಯಾಥೊಲಿಕರ ಲೆಕ್ಕದಲ್ಲಿ 8ನೇದು, ಯಾವ ಲೆಕ್ಕದಲ್ಲೂ ಫಾರ್ವರ್ಡ್‌ಗೆ ರಿಯಾಯಿತಿ ಇಲ್ಲ. ಗೊತ್ತಿಲ್ಲದೇ ಕಳಿಸಿದ್ದು ಸುಳ್ಳು ಅಂತ ಆಮೇಲೆ ತಿಳಿದ್ರೆ ಡಿಲೀಟ್ ಮಾಡಿ ಸುಮ್ಮನಾಗ್ಬೇಡಿ, ಅದೇ ಗ್ರೂಪಲ್ಲಿ "ನಾನು ಕಳಿಸಿದ್ದು ಸುಳ್ಳು, ಕ್ಷಮಿಸಿ" ಅಂತ ಹಾಕಿ.

7. ಮನೆ

ಇಲ್ಲಿ ನಾನು ಜಾಸ್ತಿ ಬರೆಯೋ ಯೋಗ್ಯತೆ ಇಲ್ಲದವನು. ಒಂದಿನ ರಾತ್ರಿ ಫೋನಲ್ಲಿ ಯಾವುದೋ ಕಸ್ಟಮರ್‌ಗೆ "ಖಂಡಿತ ಮೇಡಂ, ನೀವು ಹೇಳಿದ ಹಂಗೇ ಮಾಡೋಣ" ಅಂತ ಮಾತಾಡಿ ಇಟ್ಟು, ಅದೇ ಉಸಿರಲ್ಲಿ ಅಡುಗೆಮನೆ ಕಡೆ ತಿರುಗಿ "ಏ, ಸಾರು ಬಿಸಿ ಮಾಡಕ್ಕೇನು?" ಅಂದೆ. ಹೆಂಡ್ತಿ ಸೌಟು ಹಿಡ್ಕೊಂಡೇ ಬಂದು "ರೀ, ನಾಳೆಯಿಂದ ನಾನೂ ನಿಮ್ಮ ಅಂಗಡಿಗೇ ಬಂದು ಟೈಲ್ಸ್ ಕೇಳ್ತೀನಿ, ಆಗಲಾದ್ರೂ ಮೇಡಂ ಅಂತೀರ" ಅಂದ್ಲು. ನಗು ಬಂತು, ಆದ್ರೆ ಡೈರಿಯಲ್ಲಿ ಬರ್ಕೊಂಡೆ. ಮನೆಗೆ ಒಂದೇ ಸ್ಟೆಪ್ ಹೇಳ್ತೀನಿ, ಬಾಗಿಲ ಹತ್ರ ಚಪ್ಪಲಿ ಬಿಡೋವಾಗ ಅರ್ಧ ನಿಮಿಷ ಅಲ್ಲೇ ನಿಲ್ಲಿ, ಅಂಗಡಿ ಸಿಟ್ಟು ಒಳಗೆ ತರಬೇಡಿ. ಜಗಳ ಆದ್ರೆ ಸೂರ್ಯ ಮುಳುಗೋಕೆ ಮುಂಚೆ ಮುಗಿಸಿ ಅಂತ ಎಫೆಸ 4:26, ನಮ್ಮ ಜಗಳ ಶುರುವಾಗೋದೇ ಸೂರ್ಯ ಮುಳುಗಿದ ಮೇಲೆ, ಹಂಗಾಗಿ ಮಲಗೋಕೆ ಮುಂಚೆ ಅಂತ ಇಟ್ಕೊಂಡಿದೀವಿ.

8. ಒಪ್ಪಿಸಿಕೊಡೋದು ಅಂದ್ರೆ ಏಟು ತಿಂದು ಸುಮ್ಮನಿರೋದಲ್ಲ

ಇದನ್ನ ಬಿಟ್ಟು ಈ ವಿಷಯ ಬರೆದ್ರೆ ಅಪಾಯ. ಕುಡಿದು ಬಂದು ಹೊಡೆಯೋ ಗಂಡನ ಮನೇಲಿರೋ ಹೆಣ್ಮಗಳಿಗೆ "ತಗ್ಗಿ ನಡಿಯಮ್ಮ, ಶಿಲುಬೆ ಹೊರು, ಸಾಕ್ಷಿ ಹಾಳಾಗುತ್ತೆ" ಅಂತ ಬುದ್ಧಿ ಹೇಳೋ ಹಿರಿಯರನ್ನ ನಾನು ನೋಡಿದೀನಿ. ಯೇಸುವಿನ ಕೆನ್ನೆಗೆ ಮಹಾಯಾಜಕನ ಮುಂದೆ ಒಬ್ಬ ಹೊಡೆದಾಗ ಸುಮ್ಮನಿರ್ಲಿಲ್ಲ, ನಾನು ತಪ್ಪು ಮಾತಾಡಿದ್ರೆ ತೋರಿಸು, ಸರಿ ಮಾತಾಡಿದ್ರೆ ಯಾಕೆ ಹೊಡೀತೀಯ ಅಂತ ಕೇಳಿದ, ಯೋಹಾನ 18:23. ಪೌಲನಿಗೆ ಕೊರಡೆ ಏಟು ಕೊಡೋಕೆ ಕಟ್ಟಿದಾಗ ನಾನು ರೋಮ್ ಪೌರ, ವಿಚಾರಣೆ ಇಲ್ಲದೇ ಹೊಡೆಯೋದು ನ್ಯಾಯವಾ ಅಂತ ಕಾನೂನು ಎತ್ತಿದ, ಅಪೊಸ್ತಲರ ಕೃತ್ಯಗಳು 22:25. ನಮ್ಮ ದೇಶದಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆ 2005ರ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181, ತುರ್ತು ಇದ್ರೆ 112. ಆ ನಂಬರ್‌ಗೆ ಫೋನ್ ಮಾಡಿದ್ರೆ ಸಮರ್ಪಣೆ ಕಮ್ಮಿ ಆಗಲ್ಲ. ತಗ್ಗಿ ನಡಿಬೇಕಾದವನು ಹೊಡೆಯೋನು.

9. ಅಕ್ಕಪಕ್ಕದವರ ಜೊತೆ

ಆಯುಧ ಪೂಜೆ ಬಂತು ಅಂದ್ರೆ ಕ್ರೈಸ್ತ ಅಂಗಡಿ ಓನರ್‌ಗಳಿಗೆ ಒಂಥರಾ ಇಕ್ಕಟ್ಟು. ಪೂಜೆ ನಾನು ಮಾಡಲ್ಲ. ಆದ್ರೆ ಗೂಡ್ಸ್ ಆಟೋ ಡ್ರೈವರ್ ತನ್ನ ಗಾಡಿ ತೊಳೆದು ಹೂವಿನ ಹಾರ ಹಾಕಿ ಬೂದುಗುಂಬಳಕಾಯಿ ಒಡೆಯೋವಾಗ ಮೂತಿ ತಿರುಗಿಸ್ಕೊಂಡು ನಿಲ್ಲೋದೂ ಇಲ್ಲ, ಹಿಂದೆ ನಿಲ್ತಿದ್ದೆ, ಒಂದು ವರ್ಷ ಅಲ್ಲೇ ಚಿಕ್ಕ ಪ್ರಸಂಗ ಬೇರೆ ಮಾಡಿದ್ದೆ, ಪಾಪ ಅವನು ಕೈಲಿ ಕಡ್ಲೆಪುರಿ ಹಿಡ್ಕೊಂಡು ಕೇಳ್ತಾ ನಿಂತಿದ್ದ. ಈಗ ಹಿಂದಿನ ದಿನವೇ ಬೋನಸ್ ಕೊಡ್ತೀನಿ, ರಜಾ ಕೊಡ್ತೀನಿ, ಯಾಕಣ್ಣ ನೀವು ಪೂಜೆ ಮಾಡಲ್ಲ ಅಂತ ಕೇಳಿದ್ರೆ ಎರಡು ಮಾತಲ್ಲಿ ಹೇಳ್ತೀನಿ, ಕೇಳದೇ ಇದ್ರೆ ಇಲ್ಲ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಿ, ಆದ್ರೆ ಸಾತ್ವಿಕತೆಯಿಂದ, ಮರ್ಯಾದೆಯಿಂದ ಅಂತ 1 ಪೇತ್ರ 3ರಲ್ಲಿದೆ. ಎಫೆಸದಲ್ಲಿ ದೊಡ್ಡ ಗಲಭೆ ಆದಾಗ ಆ ಊರಿನ ಅಧಿಕಾರಿನೇ, ಕ್ರೈಸ್ತ ಅಲ್ಲದವನು, ಪೌಲನ ಜೊತೆಗಾರರನ್ನ ತೋರಿಸಿ ಇವರು ನಮ್ಮ ದೇವಿಯನ್ನ ದೂಷಿಸಿದವರಲ್ಲ ಅಂತ ಜನರ ಮುಂದೆ ಹೇಳಿದ, ಅಪೊಸ್ತಲರ ಕೃತ್ಯಗಳು 19:37. ನಮ್ಮ ಬೀದಿಯಲ್ಲಿ ನಮ್ಮ ಬಗ್ಗೆ ಯಾರಾದ್ರೂ ಹಂಗೆ ಹೇಳ್ತಾರಾ ಅಂತ ನಾನು ನನ್ನನ್ನೇ ಕೇಳ್ಕೊಳ್ತಿರ್ತೀನಿ.

10. ರಾತ್ರಿ ಲೆಕ್ಕ

ಶಟರ್ ಎಳೆದ್ಮೇಲೆ ಕ್ಯಾಶ್ ಟ್ಯಾಲಿ ಮಾಡ್ತೀವಲ್ಲ, ಅದರ ಜೊತೆಗೇ ಡೈರಿ ತೆಗೀರಿ. ಪೂರ್ತಿ ಪುಟ ಬೇಡ, ಮೂರು ಸಾಲು. ಇವತ್ತು ಯಾರಿಗೆ ಏನಂದೆ, ಅದರಲ್ಲಿ ಸರಿ ಮಾಡ್ಬೇಕಾದ್ದು ಏನಿದೆ, ನಾಳೆ ಎಷ್ಟು ಹೊತ್ತಿಗೆ ಸರಿ ಮಾಡ್ತೀನಿ. ಟೈಮ್ ಬರೀದೇ ಇದ್ರೆ ಅದು ಆಗಲ್ಲ. ತಿಂಗಳಿಗೊಂದು ಸಲ ಆ ಡೈರಿಯನ್ನ ಒಬ್ಬರಿಗೆ ಓದಿ ಹೇಳಿ, ನಿಮ್ಮನ್ನ ಹೊಗಳೋರಿಗೆ ಬೇಡ, ಮುಖಕ್ಕೆ ಹೇಳೋ ಸ್ನೇಹಿತನಿಗೆ. ನಾನು ಓದಿ ಹೇಳೋ ಮನುಷ್ಯ ರಿಟೈರ್ಡ್ ಮೇಷ್ಟ್ರು, ಎಲ್ಲಾ ಕೇಳಿ ಆದ್ಮೇಲೆ "ಇದನ್ನ ಹೋದ ತಿಂಗಳೂ ಓದಿದ್ಯಲ್ಲಪ್ಪ" ಅಂತಾರೆ, ಅಷ್ಟೇ ಅವರ ಕಾಮೆಂಟು. ಕೆಲವು ದಿನ ಏನೂ ಬರೆಯೋಕೆ ಇರಲ್ಲ, ಆಗ ಖುಷಿ ಪಡಬೇಡಿ, ಮನೆಯವರನ್ನ ಕೇಳಿ.

ಇವತ್ತಿನ ಪುಟದಲ್ಲಿ ಇರೋದು ಒಂದೇ ಸಾಲು. ಸಂಜೆ ಆರು ಗಂಟೆಗೆ ಮೇಸ್ತ್ರಿ ಫೋನ್ ಮಾಡಿದ್ದ, ಲೋಡ್ ಹುಬ್ಬಳ್ಳಿ ದಾಟಿದೆ ಅಂದುಬಿಟ್ಟೆ. ಆರೂವರೆಗೆ ಅವನು ಆಳುಗಳಿಗೆ ಹೇಳಿರ್ತಾನೆ, ಅವರು ಬೆಳಿಗ್ಗೆ ಎಂಟಕ್ಕೆ ಸೈಟ್ ಹತ್ರ ಇರ್ತಾರೆ. ಈಗ ಒಂಬತ್ತು ಹತ್ತು. ಇದನ್ನ ಇಲ್ಲಿಗೆ ನಿಲ್ಲಿಸಿ ಅವನಿಗೆ ಫೋನ್ ಮಾಡ್ತೀನಿ.